ಎರಡು ಪೆಟ್ಟುಗಳ ನಡುವೆ

"ಮತ್ತೆ ತೂತು!"

ಲೊಸಾಲಿನೆ ಕೊಡತಿ ಕೆಳಗಿಟ್ಟು, ಸೊಸೆಯ ಮುಂದಿದ್ದ ಒದ್ದೆ ತೊಗಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಅದರೊಳಗಿಂದ ಕಡಲು ಕಾಣುತ್ತಿತ್ತು.

"ಅದೇನು ಕೈಯೋ ಕಲ್ಲೋ ನಿಂದು?"

"ಮೆಲ್ಲಗೇ ಬಡೀತಿದ್ದೆ ಅತ್ತೆ. ಈ ದಿಮ್ಮಿ..."

"ದಿಮ್ಮಿಗೇನಾಗಿದೆ? ನಮ್ಮತ್ತೆ ಕಾಲದ್ದು ಅದು. ಅಂಚಿನ ಮೇಲೆ ಹೊಡೀಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಲೂಪೆ ಎದ್ದು, ಗಂಡ ತೀರಿದಂದಿನಿಂದ ಸೊಂಟಕ್ಕೆ ಸುತ್ತಿದ್ದ ಶೋಕದ ಚಾಪೆಯನ್ನು ಸರಿಮಾಡಿಕೊಂಡಳು. "ನಾಳೆ ಹಡಗಲ್ಲಿ ಹಾಪೈ ದ್ವೀಪಕ್ಕೆ ಹೋಗ್ತೀನಿ ಅತ್ತೆ. ಅಮ್ಮನ ಹತ್ರ ಇದ್ದುಬಿಡ್ತೀನಿ. ಅವರ ನಾರುಮಡಿ ನನ್ನ ಕೈಯಿಂದ ಹಾಳಾಗೋದು ಬೇಡ."

ಸೆಮಿಸಿ ಸತ್ತು ವರ್ಷ ತುಂಬುವ ದಿನ ಅವನ ಸಮಾಧಿಯ ಮೇಲೆ ಹಾಸಲೆಂದು ತೊಗಟೆ ಬಡಿದು ಮಾಡುತ್ತಿದ್ದ ನಾರುಮಡಿ ಅದು. ಅವನ ತಾಯಿ, ಅವನ ಹೆಂಡತಿ ಒಂದೇ ದಿಮ್ಮಿಗೆ ಕೂತು ಬಡಿಯಬೇಕು ಎಂದವಳು ಲೊಸಾಲಿನೆಯೇ. ಮನೆಯಲ್ಲಿ ಈಗ ಇದ್ದವರೂ ಅವರಿಬ್ಬರೇ. ಹೋಗಬೇಡ ಎನ್ನುವ ಮಾತು ಅವಳ ಗಂಟಲವರೆಗೆ ಬಂತು. ಬಾಯಿಂದ ಹೊರಬಿದ್ದದ್ದು ಬೇರೆ: "ಹಡಗು ಬೇಗ ಹೊರಡುತ್ತೆ. ಗೆಣಸು ಬೇಯಿಸ್ಕೊಂಡು ಹೋಗು."

ಲೂಪೆ ಒಳಗೆ ಹೋದಳು.

ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡ ನೆರೆಮನೆಯ ಅಕಾನೆಸಿ ತನ್ನ ಕೊಡತಿ ಹಿಡಿದುಕೊಂಡೇ ಬಂದು, ಲೂಪೆ ಬಿಟ್ಟೆದ್ದ ಜಾಗದಲ್ಲಿ ತನ್ನ ಭಾರವನ್ನೆಲ್ಲ ಇಳಿಸಿದಳು. "ಸೊಸೇನ ಓಡಿಸಿದ್ಯಾ? ಈಗ ನನ್ನ ಓಡಿಸು ನೋಡೋಣ. ಕೂರೇ, ಬೆಳಕಿರುವಾಗಲೇ ಈ ಪಟ್ಟಿ ಮುಗಿಸೋಣ."

ಇಬ್ಬರೂ ಬಡಿಯತೊಡಗಿದರು.

"ಮೆಲ್ಲಗೆ ಕಣೇ," ಎಂದಳು ಅಕಾನೆಸಿ. "ಚರ್ಚಲ್ಲೂ ನಿಂದು ಇದೇ ಗೋಳು. ಪಾದ್ರಿ ಬಾಯಿ ತೆರೆಯೋದ್ರೊಳಗೆ ಆಮೆನ್ ಅಂದಿರ್ತೀಯ."

"ಪಾದ್ರಿ ನಿಧಾನ. ಅದಕ್ಕೆ ನಾನೇನು ಮಾಡಲಿ?"

ಅಕಾನೆಸಿಯ ನಗು ಅರ್ಧಕ್ಕೇ ನಿಂತಿತು. ಅವಳ ಕೊಡತಿಯ ಕೆಳಗೆ ತೊಗಟೆ ಹರಿದಿತ್ತು. ಎಳೆ ತೊಗಟೆಯನ್ನು ಊರವರೆಲ್ಲ ನಂಬಿ ಕೊಡುತ್ತಿದ್ದದ್ದು ಅವಳ ಕೈಗೆ. ಅವಳು ತೂತಿನೊಳಗೆ ಕಿರುಬೆರಳು ತೂರಿಸಿ ಕುಣಿಸಿದಳು. "ನಿನ್ನ ಸೊಸೆ ಕೈ ನಂಗೂ ಬಂತು ನೋಡು. ಹಾಪೈಗೆ ನಾನೂ ಹೊರಡಲಾ?"

ಲೊಸಾಲಿನೆ ನಗಲಿಲ್ಲ. "ನೀನೊಬ್ಬಳೇ ಬಡಿ, ಕೇಳೋಣ."

ಅಕಾನೆಸಿ ಬಡಿದಳು. ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್. ದಿಮ್ಮಿ ಮಲಗಿದ ಹಾಗೆ ಮಲಗಿತ್ತು. ಆ ಬಿಡುವಿನೊಳಗೆ ಲೊಸಾಲಿನೆಯ ಪೆಟ್ಟು ಕೂರಬೇಕು. ಅವಳು ಕೊಡತಿ ಎತ್ತಿಕೊಂಡಳು. ಈ ಸಲ ಕಣ್ಣು ತೊಗಟೆಯ ಮೇಲಿರಲಿಲ್ಲ, ದಿಮ್ಮಿಯ ಅಕಾನೆಸಿ ಕಡೆಯ ತುದಿಯ ಮೇಲಿತ್ತು. ಅಕಾನೆಸಿಯ ಕೊಡತಿ ಇನ್ನೂ ಇಳಿಯುತ್ತಿರುವಾಗಲೇ ತನ್ನದು ಬಡಿದಿತ್ತು. ಆ ತುದಿ ಮೀನಿನ ಹಾಗೆ ಚಿಮ್ಮಿ ಮೇಲೆದ್ದು, ಇಳಿಯುತ್ತಿದ್ದ ಪೆಟ್ಟಿಗೆ ಎದುರಾಯಿತು.

ಅವಳ ಕೈ ತಾನಾಗಿ ನಿಂತಿತು.

ಅವತ್ತೂ ಇಲ್ಲೇ ಕೂತು ಬಡಿಯುತ್ತಿದ್ದಳು. ಮೀನಿಗೆ ಹೋದ ಸೆಮಿಸಿಯ ಹೆಣವನ್ನು ದಡಕ್ಕೆ ತಂದವರ ಕೂಗು ಎರಡು ಪೆಟ್ಟುಗಳ ನಡುವಿನ ಬಿಡುವಿನಲ್ಲೇ ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳು ಆ ಬಿಡುವನ್ನು ಉಳಿಯಗೊಟ್ಟಿರಲಿಲ್ಲ. ದಿಮ್ಮಿಯ ಮೇಲೂ ಅಷ್ಟೆ, ಮನೆಯಲ್ಲೂ ಅಷ್ಟೆ. ಊಟಕ್ಕೆ ಕೂತಾಗ ಲೂಪೆ "ಅವತ್ತು ಅವರು..." ಎಂದು ಶುರುಮಾಡಿದರೆ "ನೀರು ತಂದ್ಯಾ?" ಎಂದಿದ್ದಳು. ಮಲಗುವ ಮುಂಚೆ "ಅತ್ತೆ..." ಎಂದರೆ "ದೀಪ ಆರಿಸು" ಎಂದಿದ್ದಳು. "ಈ ದಿಮ್ಮಿ..." ಎಂದು ಈಗಷ್ಟೇ ಹೇಳಹೊರಟಿದ್ದಳಲ್ಲ ಹುಡುಗಿ.

"ಏನಾಯ್ತೇ?" ಎಂದಳು ಅಕಾನೆಸಿ.

ಲೊಸಾಲಿನೆ ಕೊಡತಿ ಕೆಳಗಿಟ್ಟು ಒಳಗೆ ಹೋದಳು. ಲೂಪೆ ಕರಿ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ತೂತು ಮಾಡಿದ್ದು ನಾನು ಕಣಮ್ಮ."

ಲೂಪೆ ತಲೆ ಎತ್ತಿದಳು.

"ನೀನು ಹೇಳೋಕೆ ಬಂದೆ. ನಾನು ಬಿಡಲಿಲ್ಲ." ಇನ್ನೇನೋ ಸೇರಿಸಲು ಹೊರಟ ನಾಲಿಗೆಯನ್ನು ಲೊಸಾಲಿನೆ ಹಿಡಿದುಕೊಂಡಳು. ಸೊಸೆ ಕೊನೆಯ ಬಟ್ಟೆಯನ್ನೂ ತುಂಬಿ ಚೀಲದ ಬಾಯಿ ಕಟ್ಟಿದಳು.

"ಚೀಲ ಕಟ್ಟಾಯ್ತು ಅತ್ತೆ."

"ಇರಲಿ. ಒಂದು ಪಟ್ಟಿ ಬಡಿದು ಹೋಗು. ಮೊದಲ ಪೆಟ್ಟು ನಿಂದು. ನಾನು ಹಿಂದೆ ಬರ್ತೀನಿ."

ಹೊರಗೆ ಅಕಾನೆಸಿ ಆಗಲೇ ಎದ್ದು ನಿಂತಿದ್ದಳು. "ಸದ್ಯ! ಒಲೆ ಮೇಲೆ ನನ್ನ ಕೆಸುವಿನ ಗಡ್ಡೆ ಸೀದುಹೋಗ್ತಿದೆ," ಎಂದು ಬೇಲಿ ದಾಟಿದಳು.

ಲೂಪೆ ಕೂತಳು. ತೂತಿನ ಮೇಲೆ ತೊಗಟೆಯ ಚೂರನ್ನಿಟ್ಟು, ಅಂಟಿಗೆಂದು ಇಟ್ಟಿದ್ದ ಅರೆಬೆಂದ ಗಡ್ಡೆಯಿಂದ ಉಜ್ಜಿ ಅಂಟಿಸಿದಳು. ಆಮೇಲೆ ಕೊಡತಿ ಎತ್ತಿದಳು.

ಟಕ್.

ಲೊಸಾಲಿನೆ ಕಾದಳು. ಆ ಬಿಡುವಿನಲ್ಲಿ ಅಲೆಯ ಸದ್ದು ಬಂತು. ಯಾರದೋ ಹಂದಿಮರಿ ಕಿರುಚಿತು. ಎದೆ ಒಡೆದೇಹೋಗುತ್ತದೆ ಎನಿಸಿತು. ಒಡೆಯಲಿಲ್ಲ.

ಟಕ್.

ದಿಮ್ಮಿ ಅಲುಗಲಿಲ್ಲ. ಲೂಪೆಯ ಪೆಟ್ಟು, ಅತ್ತೆಯ ಪೆಟ್ಟು, ಮತ್ತೆ ಲೂಪೆಯದು. ತೊಗಟೆ ಮೆಲ್ಲಗೆ ಅಗಲವಾಗುತ್ತಾ ಹೋಯಿತು.

"ಅತ್ತೆ, ಅವತ್ತು ಬೆಳಿಗ್ಗೆ ಅವರು ಹೊರಡೋವಾಗ..." ಎಂದ ಲೂಪೆ ಅಭ್ಯಾಸದಂತೆ ಅಷ್ಟಕ್ಕೇ ನಿಲ್ಲಿಸಿ, ಅತ್ತೆಯ ಮಾತು ಅಡ್ಡ ಬರಲೆಂದು ಜಾಗ ಬಿಟ್ಟಳು.

ಲೊಸಾಲಿನೆಯ ಕೊಡತಿ ಎತ್ತಿದ್ದು ಎತ್ತಿದಂತೆಯೇ ಇತ್ತು.