ಹನ್ನೊಂದು ಮೀನುಗಳ ಕೊಲೆ

"ಏಳನೇ ಕ್ಲಾಸೂ ದಾಟದವನ ಕೈಗೆ ಟೆಸ್ಟರ್ ಕೊಟ್ಟಿದ್ದೇ ನನ್ನ ತಪ್ಪು! ಹನ್ನೊಂದು ಜೀವ ತೆಗೆದ್ಯಲ್ಲೋ, ಕೊಲೆಗಾರ!"

ಪ್ರಾಂಶುಪಾಲರು ಹೀಗೆ ಕಿರುಚಿದ್ದು ಮೂವರು ಪ್ರಾಧ್ಯಾಪಕರ ಎದುರಿಗೆ, ಕಿಟಕಿಯಾಚೆ ಕತ್ತು ಚಾಚಿ ನಿಂತಿದ್ದ ಅರ್ಧ ಕಾಲೇಜಿನ ಎದುರಿಗೆ. ಎಲೆಕ್ಟ್ರಿಷಿಯನ್ ಹಲ್ಲು ಕಚ್ಚಿ ನಿಂತಿದ್ದ. ಮೂರು ದಿನದ ರಜೆ ಮುಗಿದು ಸಾಹೇಬರ ಕೊಠಡಿಯ ಬಾಗಿಲು ತೆರೆದರೆ, ಗಾಜಿನ ತೊಟ್ಟಿಯಲ್ಲಿ ಅವರ ಮುದ್ದಿನ ಕೆಂಪು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತೊಟ್ಟಿಗೆ ಗಾಳಿ ಊದುವ ಪಂಪು ಕೂರಿಸಿದ್ದವನು ಅವನೇ.

"ವಿಷ ಸಾರ್, ನೂರಕ್ಕೆ ನೂರು ವಿಷ," ಎಂದರು ರಸಾಯನಶಾಸ್ತ್ರದವರು, ನೀರಿಗೆ ಬೆರಳದ್ದಿ ಮೂಸಿ.

"ಸಾಮೂಹಿಕ ಆತ್ಮಹತ್ಯೆ ಇರ್ಬಹುದಲ್ವಾ?" ಎಂದರು ಮನಶ್ಶಾಸ್ತ್ರದ ಮೇಡಂ. "ದಿನಾ ಈ ರೂಮಲ್ಲಿ ಬೈಗುಳ ಕೇಳಿ ಕೇಳಿ..." ಸಾಹೇಬರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಏನಿಲ್ಲ, ಕರೆಂಟ್ ಹೊಡೆದಿದೆ. ಇವನ ವೈರಿಂಗ್!" ಭೌತಶಾಸ್ತ್ರದವರು ತೀರ್ಪು ಕೊಟ್ಟರು.

"ಕೇಳಿಸ್ತಾ?" ಎಂದರು ಪ್ರಾಂಶುಪಾಲರು. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಈ ಕೆಲಸಕ್ಕಾಗಿ ಅವನು ಎಂಟು ತಿಂಗಳು ಅಲೆದಿದ್ದ. ಮೂರು ಡಾಕ್ಟರೇಟುಗಳು ಸೇರಿ ಒಂದು ಗಂಟೆ ತನಿಖೆ ಮಾಡಿದ್ದವು. ಒಂದಾದರೂ ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಕಡೆ ತಿರುಗಿರಲಿಲ್ಲ. ಅವನೇ ಹೋಗಿ ಪಂಪಿನ ಸ್ವಿಚ್ ಒತ್ತಿದ. ಸತ್ತ ಮೀನುಗಳ ನಡುವೆ ಗುಳುಗುಳು ಗುಳ್ಳೆ ಎದ್ದವು.

"ಪಂಪ್ ಚೆನ್ನಾಗೇ ಇದೆ. ಯಾರೋ ಆರಿಸಿದ್ದಾರೆ. ಗಾಳಿ ಇಲ್ದೆ ಸತ್ತಿವೆ."

"ಅಯ್ಯೋ! ಯಾವ ಪಾಪಿ?" ಪ್ರಾಂಶುಪಾಲರು ಅಬ್ಬರಿಸಿದರು.

ಬೋರ್ಡಿನ ಮೇಲೆ ಹೋದ ವಾರದ ಸೂಚನೆ ಅಂಟಿತ್ತು: 'ಯಾರೇ ಆಗಲಿ, ಕೊಠಡಿಯಿಂದ ಹೊರಹೋಗುವಾಗ ಎಲ್ಲ ಸ್ವಿಚ್ ಆರಿಸಿ ಸಹಿ ಮಾಡತಕ್ಕದ್ದು. ಪ್ರಾಂಶುಪಾಲರ ಆಜ್ಞೆ.' ಕೆಳಗೆ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ಪುಸ್ತಕ. ರಜೆಯ ಹಿಂದಿನ ಸಂಜೆಯ ಪುಟ ತೆಗೆದು ಅವನು ಕಿಟಕಿಯವರೆಗೂ ಕೇಳುವಂತೆ ಓದಿದ: "ಎಲ್ಲವನ್ನೂ ನಾನೇ ಖುದ್ದಾಗಿ ಆರಿಸಿದ್ದೇನೆ."

ಕೆಳಗೆ ಹಸಿರು ಶಾಯಿಯ ಸಹಿ. ಆ ಕಾಲೇಜಿನಲ್ಲಿ ಹಸಿರು ಪೆನ್ನು ಇದ್ದದ್ದು ಒಂದೇ ಜೇಬಿನಲ್ಲಿ. ಮೂವರೂ ಆ ಜೇಬು ನೋಡಿದರು, ಆಮೇಲೆ ಚಾವಣಿ ನೋಡಿದರು.

ಪ್ರಾಂಶುಪಾಲರು ಕೆಮ್ಮಿದರು. "ಆಯ್ತು, ಆಯ್ತು. ನಾಳೆಯಿಂದ ಬಾ. ಊರೆಲ್ಲ ಡಂಗುರ ಹೊಡೀಬೇಡ ಅಷ್ಟೇ. ಮೀನು ತಾನೇ?"

ಅವನು ಟೆಸ್ಟರನ್ನು ಅವರ ಮೇಜಿನ ಮೇಲಿಟ್ಟ. ಬಾಗಿಲ ಬಳಿ ನಿಂತು ಒಂದೊಂದಾಗಿ ಆರಿಸಿದ: ಲೈಟು, ಪಂಪು, ಫ್ಯಾನು.

"ಏಯ್! ನಾವಿನ್ನೂ ಒಳಗಿದ್ದೀವಿ ಕಣೋ! ಫ್ಯಾನ್ ಯಾಕೋ ಆರಿಸ್ದೆ?"

ಅವನು ಪುಸ್ತಕದಲ್ಲಿ ಸಹಿ ಹಾಕಿ ನಡೆದುಬಿಟ್ಟ.