ಪಂಪು ಹಾಕಿದ ಅಂಕ

ಐಟಿಐ ಕಾಲೇಜಿನಲ್ಲಿ ಈಗ ರಿಪೇರಿ ಕೆಲಸದ ಡಿಗ್ರಿಯೂ ಸಿಗುತ್ತದೆ. ಪ್ರಾಕ್ಟಿಕಲ್‌ಗೆ ಅಂಕ ಹಾಕುವುದು ಕೆಟ್ಟು ಕೂತ ಯಂತ್ರಗಳೇ. ಡಿಗ್ರಿ ಇಲ್ಲದವರು ರಿಪೇರಿ ಅಂಗಡಿ ಮುಚ್ಚಬೇಕು. ಹಾಗಾಗಿ ಮೂವತ್ತು ವರ್ಷ ಮೋಟರು ಬಿಚ್ಚಿದ ಗದಿಗೆಪ್ಪನೂ ಪರೀಕ್ಷೆಗೆ ಬಂದಿದ್ದ.

"ಶುರು ಮಾಡಿ," ಎಂದಿತು ಪರೀಕ್ಷಕ ನೀರಿನ ಪಂಪು.

ಸ್ಪ್ಯಾನರ್ ಹಿಡಿಯುವ ಮೊದಲು ಗದಿಗೆಪ್ಪ ರೂಢಿಯಂತೆ ಪಂಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಪ್ರಿನ್ಸಿಪಾಲರು ಪೆನ್ನು ತೆಗೆದರು. "ಪರೀಕ್ಷಕರ ಕಾಲಿಗೆ ಬೀಳೋ ಹಾಗಿಲ್ಲ. ಡಿಬಾರ್ ಮಾಡಬೇಕಾಗುತ್ತೆ."

ಗದಿಗೆಪ್ಪ ಕೈ ಹಿಂದಕ್ಕೆಳೆದುಕೊಂಡ. "ಅದು ಕಾಲಲ್ಲ ಸರ್, ಫ್ಯಾನಿನ ಕವರು."

ಪಂಪು ಗಂಟಲು ಸರಿಮಾಡಿಕೊಂಡಿತು. "ಪೆನ್ನು ಒಳಗಿಡಿ ಸರ್. ಬೆಳಿಗ್ಗೆಯಿಂದ ಹನ್ನೊಂದು ಜನ ಮಾತೂ ಆಡಿಸದೆ ನನ್ನ ಹೊಟ್ಟೆ ಬಿಚ್ಚಿದ್ದಾರೆ. ಗದಿಗೆಪ್ಪನವರೇ, ಎಡಗಡೆ ನಟ್ಟಿನಿಂದ ಶುರು ಮಾಡಿ. ಅಲ್ಲಿ ನನಗೆ ಕಚಗುಳಿ ಆಗಲ್ಲ."