ಮೈದುನನ ಫೋಟೊ

"ಇಲ್ಲೇ ಹಚ್ಚೋಣು. ಬಂದ ಮಂದಿಗೆಲ್ಲ ಕಾಣತದ," ಎಂದು ಕಾಶವ್ವ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಕಿರಾಣಿ ಅಂಗಡಿಯ ಗೋಡೆಗೆ ಕಿರಿಮಗ ಅಮರನ ಫೋಟೊ ಒತ್ತಿ ಹಿಡಿದಳು. ಒಂದು ಪಕ್ಕ ಬಾಡಿಗೆ ರೂಮಿನ ಚೀಟಿ, ಇನ್ನೊಂದು ಪಕ್ಕ ಭರತನಾಟ್ಯ ಕ್ಲಾಸಿನದು. ಟೇಪು ಹಿಡಿದು ನಿಂತ ಸೊಸೆ ಮಧುಶ್ರೀ ನೆಲ ನೋಡುತ್ತಿದ್ದಳು.

ಹಿಂದಿನ ದಿನ ಮಧ್ಯಾಹ್ನ ಶುಗರ್ ಲ್ಯಾಂಡಿನ ಮನೆಯಲ್ಲಿ ಅವಳೊಂದು ಫ್ರೆಂಚ್ ಸಿನಿಮಾ ಹಾಕಿಕೊಂಡು ಕೂತಿದ್ದಳು. ಕಾಶವ್ವ ಮೆಂತ್ಯ ಸೊಪ್ಪಿನ ಬುಟ್ಟಿ ತಂದು ಪಕ್ಕದಲ್ಲೇ ಕೂತು, "ಆಕಿ ಏನಂತಾಳ, ಓದಿ ಹೇಳ," ಅಂದಳು. ಪರದೆಯ ಇಂಗ್ಲಿಷ್ ಸಾಲುಗಳನ್ನು ಮಧುಶ್ರೀ ಕನ್ನಡದಲ್ಲಿ ಹೇಳುತ್ತ ಹೋದಳು. ಕಳೆದುಹೋದ ಮಗನ ಫೋಟೊ ಹಿಡಿದು ಒಬ್ಬ ತಾಯಿ ಊರೂರು ಅಲೆಯುತ್ತಿದ್ದಳು. ಬಸ್ ಸ್ಟಾಪು, ಬೇಕರಿ, ಚರ್ಚಿನ ಬಾಗಿಲು, ಎಲ್ಲ ಕಡೆ ಅಂಟಿಸುತ್ತಿದ್ದಳು. ಸೊಪ್ಪು ಸೋಸುವ ಕೈ ನಿಂತಿತು.

"ನಾವ್ಯಾಕ ಹಿಂಗ ಮಾಡಲಿಲ್ಲ?" ಎಂದಳು ಕಾಶವ್ವ.

ಅಮರ್ ಕಳೆದುಹೋಗಿರಲಿಲ್ಲ. ಮಗುವಿದ್ದ ಹೆಂಗಸನ್ನು ಮದುವೆಯಾಗಿ ಆಸ್ಟಿನ್ನಿನಲ್ಲಿದ್ದ. ಅದು ಒಪ್ಪದ ಅಣ್ಣ, ಮಧುಶ್ರೀಯ ಗಂಡ ಶ್ರೀಶೈಲ್, ತಾಯಿಗೆ, "ಎಲ್ಲಿ ಹೋದನೋ ಗೊತ್ತಿಲ್ಲ, ಹುಡುಕಾಕತ್ತೀನಿ," ಅಂದುಬಿಟ್ಟಿದ್ದ. ಅಮರ್ ಫೋನು ಮಾಡಿದಾಗ ಮಧುಶ್ರೀ, "ನಿಮ್ಮ ಹೆಸರು ತಗದ್ರ ಸಾಕು, ಅತ್ತಿ ಎದ್ದು ಹೋಗ್ತಾರ್ರಿ," ಅಂದಿದ್ದಳು. ಹೇಳಿಕೊಟ್ಟವನು ಗಂಡ, ಆಡಿದ ಬಾಯಿ ಅವಳದು. ಆಮೇಲೆ ಅವನ ಫೋನು ಬರಲಿಲ್ಲ.

ಕೌಂಟರಿನಲ್ಲಿ ಬೆಂಡೆಕಾಯಿ ತೂಗುತ್ತಿದ್ದ ಮೈಸೂರಿನ ಸರೋಜಾ ತಲೆ ಎತ್ತಿದಳು. "ಯಾರು ಆಂಟಿ ಇದು?"

"ನನ್ನ ಸಣ್ಣ ಮಗ. ಎಲ್ಲಿ ಅದಾನ ಗೊತ್ತಿಲ್ಲ. ನೀವೇನರ ನೋಡೀರೇನು?"

"ಅಯ್ಯೋ, ಇಲ್ಲ ಆಂಟಿ. ಪೊಲೀಸ್ ಕಂಪ್ಲೇಂಟ್ ಕೊಟ್ರಾ?"

"ದೊಡ್ಡಾಂವ ಎಲ್ಲಾ ನೋಡ್ಕೋತಾನ. ಕೊಟ್ಟೀವಿ ಹೌದಲ್ಲ, ಮಧು?"

"ಕೊಟ್ಟೀವ್ರಿ," ಎಂದಳು ಮಧುಶ್ರೀ.

ಸರೋಜಾ ಒಂದು ಮಾರ್ಕರ್ ಚಾಚಿದಳು. "ಕೆಳಗೆ ನಂಬರ್ ಹಾಕಿ. ನೋಡಿದವರು ಕಾಲ್ ಮಾಡ್ಬೇಕಲ್ಲ?"

"ನಿಂದ ಬರಿ, ಮಧು. ನನ್ನ ಇಂಗ್ಲಿಷ್ ಕೇಳಿದ್ರ ಅವ್ರೇ ಹೆದರಿ ಫೋನ್ ಇಟ್ಟಬಿಡ್ತಾರ," ಎಂದು ಕಾಶವ್ವ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಈಗ ಹೇಳಿಬಿಡಬಹುದಿತ್ತು. ಹೇಳಿ ಕಾರು ಹತ್ತಿದರೆ ಊಟದ ಹೊತ್ತಿಗೆ ಆಸ್ಟಿನ್. ಮಧುಶ್ರೀ ಮಾರ್ಕರಿನ ಮುಚ್ಚಳ ತೆಗೆದು ತನ್ನ ನಂಬರ್ ಬರೆದಳು, ಒಂದಂಕಿಯೂ ತಪ್ಪದೆ. ಅಮರನನ್ನು ಯಾರು ಗುರುತಿಸಿದರೂ ಫೋನು ಬರುವುದು ತನಗೇ, ಅತ್ತೆಗಲ್ಲ ಎಂದು ಹೊಳೆದು ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ಅವಳಿಗೇ ಹೇಸಿಗೆಯಾಗಿ ಕಣ್ಣು ತುಂಬಿ ಬಂತು.

ಕಾಶವ್ವ ಸೆರಗಿನಿಂದ ಸೊಸೆಯ ಕೆನ್ನೆ ಒರೆಸಿದಳು. ಸರೋಜಾಳ ಕಡೆ ತಿರುಗಿ ಅಂದಳು:

"ನೋಡವಾ, ಹಡದಾಕಿ ನಾ ಗಟ್ಟಿಯಾಗಿ ನಿಂತೀನಿ. ಅವನ ಸಲುವಾಗಿ ಅಳಾಕ ಈಕಿ ಒಬ್ಬಾಕಿ ಅದಾಳ."